ಮಹಿಳಾ ಅಭ್ಯರ್ಥಿಯ ಜಾಲತಾಣ ಪ್ರಚಾರ: ಖಾತೆ ತೆರೆಯುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಚುನಾವಣೆ ಹತ್ತಿರವಾದಾಗಲೆಲ್ಲ, ಮೊದಲ ಬಾರಿ ಕಣಕ್ಕಿಳಿಯುವ ಮಹಿಳೆಯರಿಂದ, ಅವರಿಗಿಂತ ಹೆಚ್ಚಾಗಿ ಅವರ ಮನೆಯವರಿಂದ, ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಫೇಸ್‌ಬುಕ್ ಪುಟಕ್ಕೆ ಯಾವ ಭಾವಚಿತ್ರ ಹಾಕಬೇಕು, ಮಕ್ಕಳನ್ನು ಎತ್ತಿಕೊಂಡ ಚಿತ್ರ ನಡೆಯುತ್ತದೆಯೇ, ಹೆಸರಿನ ಜೊತೆ ಪತಿಯ ಹೆಸರು ಇರಬೇಕೇ, ಹೊಲಸು ಕಮೆಂಟುಗಳಿಗೆ ಉತ್ತರ ಕೊಡಬೇಕೇ ಅಥವಾ ಅಳಿಸಿ ಸುಮ್ಮನಾಗಬೇಕೇ, ದುಡ್ಡು ಕೊಟ್ಟು ವಿಡಿಯೊ ಹರಡಿಸಿದರೆ ಆಯೋಗದಿಂದ ನೋಟಿಸ್ ಬರುತ್ತದೆಯೇ. ಇವಕ್ಕೆ ಬಿಡಿಬಿಡಿಯಾಗಿ ಉತ್ತರಿಸುತ್ತ ಬಂದಿದ್ದೇನೆ. ಈಗ ಎಲ್ಲವನ್ನೂ ಒಂದೆಡೆ, ಪ್ರಚಾರದ ಕೆಲಸ ನಿಜವಾಗಿ ನಡೆಯುವ ಕ್ರಮದಲ್ಲಿಯೇ, ಬರೆದಿಡುತ್ತಿದ್ದೇನೆ.

2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 224 ಕ್ಷೇತ್ರಗಳಿಂದ ಗೆದ್ದು ಬಂದ ಮಹಿಳೆಯರು 10 ಮಂದಿ. ಟಿಕೆಟ್ ಸಿಗುವುದೇ ಕಷ್ಟ. ಸಿಕ್ಕ ಮೇಲೂ ದೊಡ್ಡ ಸಭೆ, ವಾಹನ, ಫ್ಲೆಕ್ಸುಗಳ ಪೈಪೋಟಿಯಲ್ಲಿ ಮಹಿಳೆಯರು ಹಿಂದೆ ಬೀಳುವುದೇ ಹೆಚ್ಚು. ಅಂಥವರಿಗೆ ಕೈಯಲ್ಲಿರುವ ಮೊಬೈಲು ಎಲ್ಲಕ್ಕಿಂತ ಕಡಿಮೆ ಖರ್ಚಿನ ವೇದಿಕೆ. ಅವರ ಮೇಲೆ ಅತಿ ಹೆಚ್ಚು ಕೆಸರು ಬೀಳುವುದೂ ಅದೇ ವೇದಿಕೆಯಲ್ಲಿ. ಈ ಬರಹ ಪಕ್ಷದ ಐಟಿ ಸೆಲ್‌ನವರಿಗಾಗಿ ಅಲ್ಲ, ಅಭ್ಯರ್ಥಿಗಾಗಿ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಇಲ್ಲಿ ಹೇಳಿರುವ ನಿಯಮಗಳು ಭಾರತ ಚುನಾವಣಾ ಆಯೋಗ ನಡೆಸುವ ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಿಗೆ ಸಂಬಂಧಿಸಿದವು. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ಹೊರಡಿಸುವ ಆದೇಶಗಳನ್ನು ಬೇರೆಯಾಗಿಯೇ ಓದಿಕೊಳ್ಳಬೇಕು. ಅದರಲ್ಲಿಯೂ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದರಿಂದ, ವಿಧಾನಸಭೆಯ ಅಭ್ಯರ್ಥಿ ಹಾಕುವ ಪಕ್ಷದ ಚಿಹ್ನೆಯನ್ನೋ ನಾಯಕರ ಚಿತ್ರವನ್ನೋ ನೋಡಿ ನೀವೂ ಹಾಗೆಯೇ ಪೋಸ್ಟರ್ ಮಾಡಿಸಿದರೆ ತೊಂದರೆಗೆ ಸಿಲುಕುತ್ತೀರಿ.

ಮೊದಲು ಬೇಕಾಗುವುದು

ಪ್ರಚಾರಕ್ಕೆಂದೇ ಹೊಸ ಸಿಮ್ ಹಾಕಿದ ಒಂದು ಮೊಬೈಲು, ಅಂಗಿಗೋ ಸೆರಗಿಗೋ ಸಿಕ್ಕಿಸುವ ಚಿಕ್ಕ ಮೈಕು, ಒಂದು ಟ್ರೈಪಾಡ್, ಚುನಾವಣಾ ವೆಚ್ಚಕ್ಕೆಂದು ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆ, ಮತ್ತು ನಂಬಿಕೆಯ ಇಬ್ಬರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳಾಗಿರಲಿ. ನಿಮಗೆ ಬರುವ ಸಂದೇಶಗಳಲ್ಲಿ ಕೆಲವನ್ನು ನೋಡಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ಬ್ಯಾಂಕ್ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ತೆರೆದಿರಬೇಕು. ದುಬಾರಿ ಕ್ಯಾಮೆರಾ ಬೇಡ. ಮೈಕಿಗೆ ಮಾತ್ರ ಜಿಪುಣತನ ಮಾಡಬೇಡಿ, ಏಕೆಂದರೆ ಚಿತ್ರ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಬೆರಳು ಮುಂದಕ್ಕೆ ಸರಿಯುತ್ತದೆ.

ಹಂತ 1: ಖಾತೆಯ ಕೀಲಿ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ

ಚಿತ್ರ, ಘೋಷಣೆ, ಬಣ್ಣ ಎಲ್ಲವೂ ಆಮೇಲೆ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಕುಳಿತು ಕಡತ ನೋಡುವ ಗಂಡನನ್ನು ಕಾಣದವರು ಕಡಿಮೆ. ಜಾಲತಾಣದಲ್ಲಿ ಅದೇ ಚಿತ್ರ ಇನ್ನೂ ಸುಲಭವಾಗಿ ಮರುಕಳಿಸುತ್ತದೆ. ಪುಟ ಅಭ್ಯರ್ಥಿಯ ಹೆಸರಿನಲ್ಲಿರುತ್ತದೆ, ಪಾಸ್‌ವರ್ಡ್ ಮೈದುನನ ಬಳಿ ಇರುತ್ತದೆ, ಬರಹ ಪಕ್ಷದ ಕಚೇರಿಯಿಂದ ಬರುತ್ತದೆ, ಅಭ್ಯರ್ಥಿ ತನ್ನ ಪುಟದಲ್ಲಿ ಏನು ಬಂದಿದೆ ಎಂಬುದನ್ನು ಪತ್ರಕರ್ತರು ಕೇಳಿದಾಗ ತಿಳಿದುಕೊಳ್ಳುತ್ತಾಳೆ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ನಮೂನೆ 26ರ ಪ್ರಮಾಣಪತ್ರದಲ್ಲಿ, ಅಂದರೆ ನಾಮಪತ್ರದೊಂದಿಗೆ ಆಸ್ತಿ ಮತ್ತು ಮೊಕದ್ದಮೆಗಳ ವಿವರ ಕೊಡುವ ಅಫಿಡವಿಟ್‌ನಲ್ಲಿ, ನಿಮ್ಮ ಜಾಲತಾಣ ಖಾತೆಗಳನ್ನೂ ನಮೂದಿಸಬೇಕು. ನಮೂದಿಸಿದ ಖಾತೆಯಲ್ಲಿ ಬಂದದ್ದೆಲ್ಲ ನಿಮ್ಮದೇ ಮಾತು. 2024ರ ಲೋಕಸಭಾ ಚುನಾವಣೆಯ ವೇಳೆ ಅಭ್ಯರ್ಥಿಯಾಗಿದ್ದ ನಟಿಯೊಬ್ಬರ ಬಗ್ಗೆ ಕೀಳಾದ ಪೋಸ್ಟ್ ಒಂದು ರಾಷ್ಟ್ರೀಯ ಪಕ್ಷದ ನಾಯಕಿಯ ಖಾತೆಯಲ್ಲಿ ಕಾಣಿಸಿಕೊಂಡಿತು. ಖಾತೆಗೆ ಪ್ರವೇಶವಿದ್ದ ಬೇರೆ ಯಾರೋ ಹಾಕಿದ್ದು ಎಂದು ಅವರು ವಿವರಿಸಿದರೂ ಆಯೋಗ ಛೀಮಾರಿ ಹಾಕುವುದನ್ನು ಬಿಡಲಿಲ್ಲ.

ಆದ್ದರಿಂದ ಹೀಗೆ ಮಾಡಿ. ನಿಮ್ಮ ಖಾಸಗಿ ಖಾತೆಯನ್ನು ಪ್ರಚಾರಕ್ಕೆ ಬಳಸಬೇಡಿ. ಫೇಸ್‌ಬುಕ್‌ನಲ್ಲಿ ಸಾರ್ವಜನಿಕ ‘ಪೇಜ್’ ಒಂದನ್ನು, ಇನ್‌ಸ್ಟಾಗ್ರಾಮ್‌ನಲ್ಲಿ ಅದೇ ಹೆಸರಿನ ಖಾತೆಯನ್ನು ತೆರೆಯಿರಿ. ಪುಟದ ಪೂರ್ಣ ಅಧಿಕಾರ ನಿಮ್ಮಲ್ಲಿರಲಿ. ಸಹಾಯಕರಿಗೆ ಪೋಸ್ಟ್ ಹಾಕುವ, ಸಂದೇಶಗಳಿಗೆ ಉತ್ತರಿಸುವ ಮಟ್ಟಿನ ಅಧಿಕಾರವನ್ನಷ್ಟೇ ಕೊಡಿ. ಪಾಸ್‌ವರ್ಡ್ ಹಾಕಿದ ಮೇಲೂ ಮೊಬೈಲಿಗೆ ಬರುವ ಸಂಖ್ಯೆಯನ್ನು ಕೊಟ್ಟರೆ ಮಾತ್ರ ಖಾತೆ ತೆರೆಯುವ ಎರಡು ಹಂತದ ದೃಢೀಕರಣವನ್ನು ಎಲ್ಲ ಖಾತೆಗಳಿಗೂ ಹಾಕಿ, ಆ ಸಂಖ್ಯೆ ನಿಮ್ಮ ಹೊಸ ಸಿಮ್‌ಗೆ ಬರುವಂತೆ ನೋಡಿಕೊಳ್ಳಿ. ದಿನಕ್ಕೆ ಹತ್ತು ಪೋಸ್ಟ್ ಹೋಗುವುದಿದ್ದರೆ ಹತ್ತನ್ನೂ ನೀವೇ ಬರೆಯಲಾಗದು. ಆದರೆ ಹೋಗುವ ಮೊದಲು ನೀವು ನೋಡಿ ‘ಸರಿ’ ಎನ್ನದ ಒಂದೂ ಹೋಗಬಾರದು. ಸಮಯ ಸಾಲದಿದ್ದರೆ ಪೋಸ್ಟುಗಳನ್ನು ಮೂರಕ್ಕಿಳಿಸಿ.

ಹಳೆಯ ಪೋಸ್ಟುಗಳ ವಿಷಯ. ಮನೆಯ ವಿಳಾಸ, ಮಕ್ಕಳ ಶಾಲೆ, ವಾಹನದ ಸಂಖ್ಯೆ, ಖಾಸಗಿ ದೂರವಾಣಿ ಕಾಣುವಂಥವನ್ನು ಅಳಿಸಿ. ಪ್ರವಾಸದ, ಮದುವೆಯ, ಕಾಲೇಜಿನ ಚಿತ್ರಗಳನ್ನು ಗಾಬರಿಯಿಂದ ಅಳಿಸುವ ಅಗತ್ಯವಿಲ್ಲ. ಬೇಕಾದವರು ಅವನ್ನು ಆಗಲೇ ತೆಗೆದಿಟ್ಟುಕೊಂಡಿರುತ್ತಾರೆ, ಅಳಿಸಿದರೆ ಬಚ್ಚಿಟ್ಟಂತೆ ಕಾಣುತ್ತದೆ. ನೀವು ಈಗಾಗಲೇ ಅಧಿಕಾರದಲ್ಲಿದ್ದರೆ ಇನ್ನೊಂದು ಎಚ್ಚರ: ಇಲಾಖೆಯ ಅಥವಾ ಸ್ಥಾನದ ಅಧಿಕೃತ ಖಾತೆಯಿಂದ ಒಂದು ಸಾಲಿನ ಪ್ರಚಾರವೂ ಹೋಗಕೂಡದು, ಅದನ್ನು ನೋಡಿಕೊಳ್ಳುವ ಸರ್ಕಾರಿ ಸಿಬ್ಬಂದಿಯನ್ನು ನಿಮ್ಮ ಪುಟದ ಕೆಲಸಕ್ಕೆ ಹಚ್ಚಲೂ ಕೂಡದು.

ಹಂತ 2: ಅಕ್ಕನೋ, ಅಮ್ಮನೋ, ಸೊಸೆಯೋ ಎಂಬುದನ್ನು ಯೋಚಿಸಿ ತೀರ್ಮಾನಿಸಿ

ನಮ್ಮ ರಾಜಕಾರಣದಲ್ಲಿ ಗಂಡಸು ‘ನಾಯಕ’ನಾಗಿ ಬರಬಹುದು, ಹೆಣ್ಣು ಮಾತ್ರ ಯಾವುದಾದರೂ ನೆಂಟಸ್ತಿಕೆ ಹಿಡಿದೇ ಬರಬೇಕೆಂಬ ರೂಢಿ ಬೆಳೆದುಬಿಟ್ಟಿದೆ. ಜಯಲಲಿತಾ ‘ಅಮ್ಮ’, ಮಮತಾ ಬ್ಯಾನರ್ಜಿ ‘ದೀದಿ’. 2021ರಲ್ಲಿ ಅವರ ಪಕ್ಷದ ಘೋಷಣೆ ಬಂಗಾಳಕ್ಕೆ ತನ್ನ ಮನೆಮಗಳೇ ಬೇಕು ಎಂಬ ಅರ್ಥದ್ದು. 2019ರಲ್ಲಿ ಮಂಡ್ಯದಿಂದ ಪಕ್ಷೇತರರಾಗಿ ನಿಂತು ಗೆದ್ದ ಸುಮಲತಾ ಅಂಬರೀಶ್ ತಮ್ಮನ್ನು ಮಂಡ್ಯದ ಸೊಸೆ ಎಂದು ಕರೆದುಕೊಂಡರು. ಹೊರಗಿನವರೆಂಬ ಆಕ್ಷೇಪಕ್ಕೆ ಆ ಒಂದು ಪದವೇ ಉತ್ತರವಾಯಿತು, ಜೊತೆಗೆ ‘ಸ್ವಾಭಿಮಾನ’ ಎಂಬ ಮಾತು ಸೇರಿದಾಗ ಅದು ಬರೀ ನೆಂಟಸ್ತಿಕೆಯಾಗಿ ಉಳಿಯಲಿಲ್ಲ.

ಗಮನಿಸಬೇಕಾದದ್ದು ಅದನ್ನೇ. ನೆಂಟಸ್ತಿಕೆಯ ಪದ ಬಾಗಿಲು ತೆರೆಸುತ್ತದೆ, ಒಳಗೆ ಕುಳಿತು ಮಾತಾಡಲು ಬೇರೆ ವಿಷಯ ಬೇಕು. ಮಗಳು ಎಂದುಕೊಂಡರೆ ಕೇಳುವ ಹಕ್ಕು ಬರುತ್ತದೆ, ಆದರೆ ವಯಸ್ಸಿನಲ್ಲಿ ಹಿರಿಯರೆಲ್ಲ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಅಮ್ಮ ಎಂದರೆ ಗೌರವ ಬರುತ್ತದೆ, ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯ ಹೋಗುತ್ತದೆ. ಸೊಸೆ ಎಂದರೆ ಮನೆತನದ ಬಲ ಸಿಗುತ್ತದೆ, ಆ ಮನೆತನದ ಜಗಳಗಳೂ ಬೆನ್ನಿಗೆ ಬರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಜನ ನಿಮ್ಮನ್ನು ಈಗಾಗಲೇ ಏನೆಂದು ಕರೆಯುತ್ತಾರೋ ಅದನ್ನೇ ಉಳಿಸಿಕೊಳ್ಳಿ. ಊರಿನಲ್ಲಿ ‘ಟೀಚರಮ್ಮ’, ‘ಡಾಕ್ಟ್ರಮ್ಮ’, ‘ವಕೀಲರು’ ಎಂದು ಕರೆಯುತ್ತಿದ್ದರೆ ಅದಕ್ಕಿಂತ ಒಳ್ಳೆಯ ಬಿರುದನ್ನು ಯಾವ ಪ್ರಚಾರ ಕಂಪನಿಯೂ ಹುಡುಕಿಕೊಡಲಾರದು.

ಪುಟದ ಪರಿಚಯದಲ್ಲಿ ಮೊದಲ ಸಾಲು ನಿಮ್ಮ ಹೆಸರು, ಅದೂ ಮತಯಂತ್ರದ ಮೇಲೆ ಬರಲಿರುವ ರೂಪದಲ್ಲಿಯೇ. ಪುಟದಲ್ಲಿ ಒಂದು ಹೆಸರು, ಮತಯಂತ್ರದಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ಹೆಸರು ಇದ್ದರೆ, ನಿಮ್ಮನ್ನು ಮೊಬೈಲಿನಲ್ಲಷ್ಟೇ ನೋಡಿದ ಮತದಾರ ಗೊಂದಲಕ್ಕೆ ಬೀಳುತ್ತಾನೆ. ಎರಡನೆಯ ಸಾಲು ನೀವು ಮಾಡಿದ ಕೆಲಸ: ಎಷ್ಟು ವರ್ಷ, ಎಲ್ಲಿ, ಏನು. ಪತಿ, ತಂದೆ, ಮಾವ ರಾಜಕಾರಣಿಗಳಾಗಿದ್ದರೆ ಅದನ್ನು ಮುಚ್ಚಿಡುವುದೂ ಬೇಡ, ಮೊದಲ ಸಾಲಿಗೆ ತರುವುದೂ ಬೇಡ. ‘ಇವರ ಧರ್ಮಪತ್ನಿ’ ಎಂದು ಶುರುವಾಗುವ ಪುಟಕ್ಕೆ ಬರುವವರು ಅವರನ್ನು ಹುಡುಕಿಕೊಂಡು ಬಂದವರು.

ಹಂತ 3: ಚಿತ್ರ ಮತ್ತು ಉಡುಪು

ಉಡುಪಿನ ಬಗ್ಗೆ ಸಲಹೆ ಕೊಡುವವರಿಗೆ ಬರವಿಲ್ಲ. ಕೈತುಂಬ ಬಳೆ, ದೊಡ್ಡ ಕುಂಕುಮ, ಹತ್ತಿ ಸೀರೆ, ಉತ್ತರ ಕರ್ನಾಟಕವಾದರೆ ತಲೆಯ ಮೇಲೆ ಸೆರಗು: ಇದೇ ಸುರಕ್ಷಿತ ಎನ್ನುತ್ತಾರೆ. ನೀವು ದಿನವೂ ಹಾಗೆಯೇ ಇರುವವರಾದರೆ ಸರಿ. ಇಲ್ಲವಾದರೆ ಕ್ಯಾಮೆರಾಗೆಂದು ಹಾಕಿದ ವೇಷ ಎರಡೇ ವಾರದಲ್ಲಿ ಬಯಲಾಗುತ್ತದೆ, ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಯಾರೋ ನಗುತ್ತಾರೆ. 2019ರಲ್ಲಿ ಹೊಸದಾಗಿ ಸಂಸದೆಯರಾದ ಮಿಮಿ ಚಕ್ರವರ್ತಿ ಮತ್ತು ನುಸ್ರತ್ ಜಹಾನ್ ಸಂಸತ್ ಭವನದ ಮುಂದೆ ಪ್ಯಾಂಟು ಧರಿಸಿ ತೆಗೆಸಿಕೊಂಡ ಚಿತ್ರಗಳಿಗಾಗಿ ದಿನಗಟ್ಟಲೆ ಟ್ರೋಲ್ ಆದರು. ನಮ್ಮಲ್ಲಿಯೇ 2023ರಲ್ಲಿ ಮೂಡಿಗೆರೆಯಿಂದ ಗೆದ್ದ ನಯನಾ ಮೋಟಮ್ಮ, ತಮ್ಮ ಆಧುನಿಕ ಉಡುಪಿನ ಚಿತ್ರಗಳನ್ನು ಹರಿಯಬಿಟ್ಟವರಿಗೆ ಅಂಥವೇ ಚಿತ್ರಗಳನ್ನು ಸೇರಿಸಿದ ವಿಡಿಯೊವನ್ನು ತಾವೇ ಹಾಕಿ ಉತ್ತರಿಸಿದರು. ಎಲ್ಲರೂ ಹಾಗೆ ಮಾಡಬೇಕೆಂದಿಲ್ಲ. ಆದರೆ ತಾನೇ ತೋರಿಸಿದ್ದನ್ನು ಇನ್ನೊಬ್ಬ ‘ಬಯಲು’ ಮಾಡಲಾಗದು ಎಂಬುದನ್ನು ಅದರಿಂದ ಕಲಿಯಬಹುದು.

ಉಡುಪಿಗಿಂತ ಹೆಚ್ಚು ಹೇಳುವುದು ನೀವು ಚಿತ್ರದಲ್ಲಿ ಎಲ್ಲಿ ನಿಂತಿದ್ದೀರಿ ಎಂಬುದು. ಪಕ್ಷದ ಸಭೆಯ ಚಿತ್ರಗಳಲ್ಲಿ ಅಭ್ಯರ್ಥಿ ಮೂಲೆಯಲ್ಲಿ ಕೈಮುಗಿದು ನಿಂತಿರುತ್ತಾಳೆ, ನಡುವೆ ನಾಯಕರು ಮಾತಾಡುತ್ತಿರುತ್ತಾರೆ. ಅಂಥದ್ದನ್ನು ನಾಯಕರ ಪುಟಕ್ಕೆ ಬಿಡಿ. ನಿಮ್ಮ ಪುಟದಲ್ಲಿ ನೀವು ಮಾತಾಡುತ್ತಿರುವ, ಕೇಳಿಸಿಕೊಳ್ಳುತ್ತಿರುವ, ಕಾಗದ ಓದುತ್ತಿರುವ, ಕೆರೆ ಏರಿಯ ಮೇಲೆ ನಡೆಯುತ್ತಿರುವ ಚಿತ್ರಗಳಿರಲಿ. ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿರಲಿ, ಮೇಲಿನಿಂದ ತೆಗೆದರೆ ಚಿಕ್ಕವರಾಗಿ ಕಾಣುತ್ತೀರಿ. ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡುವ ಫಿಲ್ಟರನ್ನು ಪೂರ್ತಿ ಮುಚ್ಚಿ. ಮನೆಬಾಗಿಲಿಗೆ ಹೋದಾಗ ಗುರುತು ಹತ್ತದಿದ್ದರೆ ಆ ಚಿತ್ರದಿಂದ ಏನು ಪ್ರಯೋಜನ?

ಈ ಹಂತದಲ್ಲಿ ಜನ ಎಡವುವ ಜಾಗಗಳು ಹಲವು, ಅವು ಮಹಿಳಾ ಅಭ್ಯರ್ಥಿಗಳಿಗೇ ಹೆಚ್ಚು ಒದಗುವಂಥವು.

ಮಗುವನ್ನು ಎತ್ತಿಕೊಂಡ ಚಿತ್ರ. ತಾಯ್ತನದ ಈ ಚಿತ್ರವನ್ನು ಎಲ್ಲರೂ ಇಷ್ಟಪಡುತ್ತಾರೆ, ಆಯೋಗವನ್ನು ಬಿಟ್ಟು. 2024ರ ಫೆಬ್ರುವರಿಯಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಪ್ರಚಾರದಲ್ಲಿ ಮಕ್ಕಳನ್ನು ಯಾವ ರೀತಿಯಲ್ಲಿಯೂ ಬಳಸುವಂತಿಲ್ಲ. ತೋಳಿನಲ್ಲಿ ಎತ್ತಿಕೊಳ್ಳುವುದು, ವಾಹನದಲ್ಲಿ ಕೂರಿಸಿಕೊಳ್ಳುವುದು, ಮಕ್ಕಳಿಂದ ಘೋಷಣೆ ಅಥವಾ ಹಾಡು ಹೇಳಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ತಂದೆತಾಯಿಯ ಜೊತೆ ಬಂದ ಮಗು, ಪ್ರಚಾರದಲ್ಲಿ ತೊಡಗದೆ, ಸುಮ್ಮನೆ ನಾಯಕರ ಹತ್ತಿರ ಇದ್ದರೆ ಅದು ಉಲ್ಲಂಘನೆಯಲ್ಲ ಎಂಬ ವಿನಾಯಿತಿ ಇದೆ. ನಿಮ್ಮ ಪುಟಕ್ಕೆ ಆ ವಿನಾಯಿತಿಯೂ ಬೇಡ, ಚಿತ್ರವನ್ನೇ ಬಿಟ್ಟುಬಿಡಿ.

ಆರತಿ ತಟ್ಟೆ. ಹೆಂಗಸರು ಆರತಿ ಎತ್ತುತ್ತಾರೆ, ನೀವು ರೂಢಿಯಂತೆ ತಟ್ಟೆಗೆ ನೋಟು ಹಾಕುತ್ತೀರಿ, ಹಿಂದಿದ್ದ ಹುಡುಗ ಅದನ್ನು ನೇರಪ್ರಸಾರ ಮಾಡುತ್ತಾನೆ. ಮತದಾರರಿಗೆ ಹಣ ಕೊಟ್ಟಿದ್ದಾರೆಂಬ ದೂರಿಗೆ ಸಾಕ್ಷ್ಯವನ್ನು ನಿಮ್ಮ ಪುಟವೇ ಒದಗಿಸಿದಂತಾಯಿತು. ಉಡಿ ತುಂಬುವುದೂ ಹೀಗೆಯೇ: ಊರವರು ನಿಮಗೆ ಉಡಿ ತುಂಬಿದರೆ ಅದು ಅವರ ಪ್ರೀತಿ, ನೀವು ಅರಿಶಿನ ಕುಂಕುಮದ ನೆಪದಲ್ಲಿ ಸೀರೆ, ಕುಬಸದ ಖಣ, ಬಾಗಿನ ಹಂಚಿದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಕಣ್ಣಿಗೆ ಅದು ಲಂಚ. ಹಂಚಲೇಬೇಡಿ. ಹಂಚಿದರೂ ಚಿತ್ರ ಹಾಕದಿದ್ದರೆ ಸಾಕು ಎಂದು ಇದರ ಅರ್ಥವಲ್ಲ.

ಗುಡಿ, ಮಸೀದಿ, ಇಗರ್ಜಿಗೆ ಹೋಗಿ ಕೈಮುಗಿಯುವುದಕ್ಕೆ ಅಡ್ಡಿಯಿಲ್ಲ, ಅಲ್ಲಿ ನಿಂತು ಮತ ಕೇಳುವ ವಿಡಿಯೊ ಮಾಡುವಂತಿಲ್ಲ. ಸೈನಿಕರ, ಸೇನಾ ಕಾರ್ಯಾಚರಣೆಗಳ ಚಿತ್ರಗಳನ್ನೂ ಪ್ರಚಾರಕ್ಕೆ ಬಳಸುವಂತಿಲ್ಲ.

ಹಂತ 4: ಏನು ಮಾತಾಡಬೇಕು, ಯಾವ ಕನ್ನಡದಲ್ಲಿ

ಮಹಿಳಾ ಅಭ್ಯರ್ಥಿ ಎಂದರೆ ಕುಡಿಯುವ ನೀರು, ಶೌಚಾಲಯ, ಅಂಗನವಾಡಿ ಇಷ್ಟರ ಬಗ್ಗೆಯೇ ಮಾತಾಡಬೇಕೆಂದು ನಿಮ್ಮವರೇ ಪಟ್ಟಿ ಕೊಡುತ್ತಾರೆ. ಆ ವಿಷಯಗಳು ಸಣ್ಣವೇನಲ್ಲ. ಆದರೆ ಮಲೆನಾಡಿನಲ್ಲಿ ನಿಂತವರು ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ, ಬೆಳಗಾವಿಯ ಕಡೆಯವರು ಕಬ್ಬಿನ ಬಾಕಿಯ ಬಗ್ಗೆ, ಕಲಬುರಗಿಯವರು ತೊಗರಿಯ ದರದ ಬಗ್ಗೆ ಮಾತಾಡದಿದ್ದರೆ, ‘ಅವರು ಹೆಂಗಸರ ಕೆಲಸಕ್ಕೆ ಸರಿ’ ಎಂಬ ಮಾತಿಗೆ ನೀವೇ ಮೊಹರು ಒತ್ತಿದಂತೆ. ವಾರಕ್ಕೆ ಕನಿಷ್ಠ ಎರಡು ವಿಡಿಯೊ ಕ್ಷೇತ್ರದ ದುಡಿಮೆ, ಬೆಲೆ, ರಸ್ತೆ, ನೀರಾವರಿಗೆ ಮೀಸಲಿರಲಿ.

ಒಂದು ವಿಡಿಯೊಗೆ ಒಂದೇ ವಿಷಯ. ಮೊದಲ ವಾಕ್ಯದಲ್ಲಿ ಊರಿನ ಹೆಸರು ಬರಲಿ, ಎರಡನೆಯದರಲ್ಲಿ ತೊಂದರೆ, ಆಮೇಲೆ ನೀವು ಏನು ಮಾಡುತ್ತೀರಿ ಎಂಬುದು. ಒಂದು ನಿಮಿಷ ಸಾಕು. ‘ಸರ್ವಾಂಗೀಣ ಅಭಿವೃದ್ಧಿಗೆ ಬದ್ಧಳಾಗಿದ್ದೇನೆ’ ಎಂಬ ಸಾಲು ಕಂಡಲ್ಲೆಲ್ಲ ಹೊಡೆದುಹಾಕಿ. ಬಸ್ಸಿನಲ್ಲಿ, ಮನೆಯಲ್ಲಿ ಸದ್ದು ಮುಚ್ಚಿ ನೋಡುವವರಿಗಾಗಿ ಮಾತನ್ನು ಕೆಳಗೆ ಅಕ್ಷರದಲ್ಲಿ ಕೊಡಿ, ಕಾಗುಣಿತವನ್ನು ಒಬ್ಬರು ತಿದ್ದಲಿ. ಭಾಷೆ ನಿಮ್ಮ ಸೀಮೆಯದೇ ಇರಲಿ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರ ಎದುರು ನಿಂತ ಸುಷ್ಮಾ ಸ್ವರಾಜ್ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಮಾತಾಡಿದರು. ಸೋತರೂ ಬಳ್ಳಾರಿಯ ಹಿರಿಯರು ಆ ಕನ್ನಡವನ್ನು ನೆನೆಯುತ್ತಾರೆ. ಹುಟ್ಟಿನಿಂದ ಬಂದ ಧಾರವಾಡದ ಅಥವಾ ಮಂಡ್ಯದ ಮಾತನ್ನು ಕ್ಯಾಮೆರಾ ಮುಂದೆ ಬಿಟ್ಟು ಟಿವಿ ನಿರೂಪಕಿಯಂತೆ ಓದುವವರನ್ನು ಕಂಡಾಗ ನನಗೆ ಬೇಸರವೇ ಆಗುತ್ತದೆ.

ವಾಟ್ಸ್ಆ್ಯಪ್ ಹಳ್ಳಿಗಳಿಗೆ ತಲುಪುವ ದಾರಿ, ಆದರೆ ಅದಕ್ಕೆ ಮಿತಿಗಳಿವೆ. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡಲಾಗದು; ಅನೇಕ ಬಾರಿ ಫಾರ್ವರ್ಡ್ ಆಗಿ ಬಂದದ್ದಾದರೆ ಒಮ್ಮೆಗೆ ಒಂದೇ ಕಡೆಗೆ. ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಗುಂಪು ಮಾಡದೆ ಎಲ್ಲರಿಗೂ ಬೇರೆಬೇರೆಯಾಗಿ ಹೋಗುವ ಸಂದೇಶ, ನಿಮ್ಮ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಆದ್ದರಿಂದ ಮನೆಮನೆಗೆ ಹೋದಾಗ ಕರಪತ್ರ ಕೊಟ್ಟು ಬರುವುದರ ಜೊತೆಗೆ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಕೇಳಿ. ಸ್ತ್ರೀಶಕ್ತಿ ಸಂಘದ ಸದಸ್ಯೆಯರು ತಾವಾಗಿ ಹಂಚಿಕೊಂಡರೆ ಒಳ್ಳೆಯದು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಕೆಲಸದ ಗುಂಪುಗಳಿಗೆ ಮಾತ್ರ ನಿಮ್ಮ ಪ್ರಚಾರ ಹೋಗಬಾರದು, ಆಮೇಲೆ ವಿವರಣೆ ಕೊಡಬೇಕಾದವರು ಆ ಬಡ ಹೆಣ್ಣುಮಕ್ಕಳು.

ಜಾತಿ ಸಂಘದ ಸನ್ಮಾನದ ನೇರಪ್ರಸಾರವೂ ಅಪಾಯದ್ದೇ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ, ಅಂದರೆ ಆಯ್ಕೆಯನ್ನೇ ರದ್ದುಮಾಡಿಸಬಲ್ಲ ತಪ್ಪು. ಅದು ಅಭ್ಯರ್ಥಿಯ ಜಾತಿಗಷ್ಟೇ ಅಲ್ಲ, ಮತದಾರರ ಜಾತಿಯನ್ನು ಎತ್ತಿ ಕೇಳುವುದಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ ಬಹುಮತದಿಂದ ಹೇಳಿದೆ. ವೇದಿಕೆಯಲ್ಲಿದ್ದ ಬೇರೊಬ್ಬರು ಆಡಿದ ಮಾತಾದರೂ ನಿಮ್ಮ ಪುಟದಲ್ಲಿ ಉಳಿದರೆ ಪ್ರಶ್ನೆ ನಿಮ್ಮ ಕಡೆಗೇ ಬರುತ್ತದೆ.

ಹಂತ 5: ಹಣ ಕೊಟ್ಟು ಹರಡಿಸುವಾಗ

ನಿಮ್ಮ ಸ್ವಂತ ಖಾತೆಯಲ್ಲಿ ನೀವು ಹಾಕುವ ಬರಹ, ಚಿತ್ರ, ವಿಡಿಯೊಗೆ ಮುಂಚಿತ ಅನುಮತಿ ಬೇಡ. ಅದೇ ವಿಡಿಯೊವನ್ನು ಹಣ ಕೊಟ್ಟು ‘ಬೂಸ್ಟ್’ ಮಾಡಿದ ಕ್ಷಣ, ಎಂದರೆ ಹೆಚ್ಚು ಜನರಿಗೆ ಕಾಣುವಂತೆ ಕಂಪನಿಗೆ ದುಡ್ಡು ಕಟ್ಟಿದ ಕ್ಷಣ, ಅದು ರಾಜಕೀಯ ಜಾಹೀರಾತು. ಅದಕ್ಕೆ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯ ಪ್ರಮಾಣಪತ್ರ ಮೊದಲೇ ಬೇಕು. ಎಂಸಿಎಂಸಿ ಎಂದು ಕರೆಯುವ ಈ ಸಮಿತಿ ಜಿಲ್ಲಾ ಮಟ್ಟದಲ್ಲಿರುತ್ತದೆ. ಅಭ್ಯರ್ಥಿಗಳು ಪ್ರಸಾರಕ್ಕೆ ಕನಿಷ್ಠ ಮೂರು ದಿನ ಮುಂಚೆ, ಜಾಹೀರಾತಿನ ಪ್ರತಿ, ಅದರಲ್ಲಿನ ಮಾತಿನ ದೃಢೀಕರಿಸಿದ ಬರಹರೂಪ, ತಯಾರಿಕೆ ಮತ್ತು ಪ್ರಸಾರದ ವೆಚ್ಚದ ವಿವರದೊಂದಿಗೆ ಅರ್ಜಿ ಕೊಡಬೇಕು. ಇದಲ್ಲದೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ರಾಜಕೀಯ ಜಾಹೀರಾತು ಹಾಕುವವರು ಗುರುತನ್ನು ದೃಢಪಡಿಸಬೇಕು, ಹಣ ಕೊಟ್ಟವರಾರೆಂಬ ಸಾಲು ಜಾಹೀರಾತಿನ ಮೇಲೆ ಕಾಣಿಸುತ್ತದೆ. ಈ ದೃಢೀಕರಣಕ್ಕೆ ದಿನಗಳು ಹಿಡಿಯುವುದರಿಂದ ನಾಮಪತ್ರಕ್ಕಿಂತ ಮೊದಲೇ ಮುಗಿಸಿಕೊಳ್ಳಿ.

ಎಡವುವುದು ಲೆಕ್ಕದಲ್ಲಿ. 2013ರ ಅಕ್ಟೋಬರ್‌ನಿಂದಲೇ ಆಯೋಗ ಸ್ಪಷ್ಟವಾಗಿ ಹೇಳಿದೆ: ಕಂಪನಿಗಳಿಗೆ ಕಟ್ಟಿದ ಹಣವಷ್ಟೇ ಅಲ್ಲ, ಪೋಸ್ಟರ್ ವಿನ್ಯಾಸ ಮಾಡಿದವರಿಗೆ, ವಿಡಿಯೊ ಕತ್ತರಿಸಿದವರಿಗೆ, ಪುಟ ನೋಡಿಕೊಳ್ಳುವ ಹುಡುಗರಿಗೆ ಕೊಟ್ಟ ಸಂಬಳವೂ ಚುನಾವಣಾ ವೆಚ್ಚ. ಇದೆಲ್ಲ ಸೇರಿ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿಯ ಮಿತಿಯೊಳಗಿರಬೇಕು. ಅಳಿಯ ತನ್ನ ಕಾರ್ಡಿನಿಂದ ಪ್ರೀತಿಗಾಗಿ ಎರಡು ಸಾವಿರ ಕಟ್ಟಿ ಬೂಸ್ಟ್ ಮಾಡಿದ್ದು ಕಂಪನಿಯ ಜಾಹೀರಾತು ಸಂಗ್ರಹದಲ್ಲಿ ವರ್ಷಗಟ್ಟಲೆ ಎಲ್ಲರಿಗೂ ಕಾಣುತ್ತದೆ, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಎದುರಾಳಿಯ ವಕೀಲರು ಮೊದಲು ಹುಡುಕುವುದು ಅದನ್ನೇ.

ಹಂತ 6: ನಿಂದನೆ, ತಿರುಚಿದ ಚಿತ್ರ, ಸುಳ್ಳು ವಿಡಿಯೊ

ಇದಕ್ಕೆ ಸಿದ್ಧರಾಗಿಯೇ ಹೊರಡಿ. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾ 2020ರಲ್ಲಿ ಪ್ರಕಟಿಸಿದ ಅಧ್ಯಯನವು 2019ರ ಲೋಕಸಭಾ ಚುನಾವಣೆಯ ಸುಮಾರಿನಲ್ಲಿ 95 ರಾಜಕಾರಣಿ ಮಹಿಳೆಯರ ಬಗ್ಗೆ ಬಂದ ಟ್ವೀಟುಗಳನ್ನು ಪರಿಶೀಲಿಸಿತ್ತು. ಪ್ರತಿ ಏಳರಲ್ಲಿ ಒಂದು ನಿಂದನೆಯದೋ ಆಕ್ಷೇಪಾರ್ಹವೋ ಆಗಿತ್ತು. ಗಂಡಸು ಅಭ್ಯರ್ಥಿಗೆ ಬೈಯುವವರು ಅವನ ಹಗರಣ ಹಿಡಿಯುತ್ತಾರೆ, ಹೆಣ್ಣಿಗೆ ಬೈಯುವವರು ಅವಳ ನಡತೆ ಹಿಡಿಯುತ್ತಾರೆ. ಕನ್ನಡದ ಕಮೆಂಟು ಪೆಟ್ಟಿಗೆಗಳೂ ಇದಕ್ಕೆ ಹೊರತಲ್ಲ.

ಬಂದದ್ದನ್ನು ಮೂರು ರಾಶಿ ಮಾಡಿ. ಮೊದಲನೆಯದು ಟೀಕೆ: ‘ಐದು ವರ್ಷ ಎಲ್ಲಿದ್ದಿರಿ’, ‘ನಮ್ಮ ರಸ್ತೆ ಏನಾಯಿತು’. ಇದು ಎಷ್ಟೇ ಒರಟಾಗಿದ್ದರೂ ಅಳಿಸಬೇಡಿ, ಉತ್ತರಿಸಿ. ಟೀಕೆಯನ್ನೂ ನಿಂದನೆಯೆಂದು ಕರೆದು ಅಳಿಸಿದ ಅಭ್ಯರ್ಥಿ ನಿಜವಾದ ನಿಂದನೆ ಬಂದಾಗ ಯಾರ ಬೆಂಬಲವನ್ನೂ ಪಡೆಯುವುದಿಲ್ಲ. ಎರಡನೆಯದು ಕೊಳಕು ಮಾತು. ಅದನ್ನು ನೀವು ಓದುತ್ತ ಕೂರಬೇಡಿ. ಕೆಟ್ಟ ಪದಗಳನ್ನು ಕನ್ನಡದಲ್ಲಿಯೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿಯೂ, ಪುಟದ ನಿರ್ಬಂಧಿತ ಪದಗಳ ಪಟ್ಟಿಗೆ ಸೇರಿಸಿದರೆ ಅವು ತಾವಾಗಿ ಮರೆಯಾಗುತ್ತವೆ. ಎಂದಾದರೊಮ್ಮೆ ಬಹಿರಂಗವಾಗಿ ಉತ್ತರಿಸಬೇಕೆನಿಸಿದರೆ ಒಂದೇ ಸಲ, ನಿಮ್ಮ ಮಾತಿನಲ್ಲಿ, ಕೂಗದೆ. 2018ರಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ತಮಗೆ ಬಂದ ಬೈಗುಳದ ಟ್ವೀಟುಗಳನ್ನು ತಾವೇ ಎಲ್ಲರಿಗೂ ತೋರಿಸಿ, ಇದನ್ನು ಒಪ್ಪುತ್ತೀರಾ ಎಂದು ಜನರನ್ನೇ ಕೇಳಿದರು. ಒಪ್ಪುತ್ತೇವೆ ಎಂದವರೂ ನೂರಕ್ಕೆ 43ರಷ್ಟಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಈ ದಾರಿ ಹಿಡಿಯಿರಿ.

ಮೂರನೆಯ ರಾಶಿ ಅಪರಾಧ: ಬೆದರಿಕೆ, ಅಶ್ಲೀಲವಾಗಿ ತಿರುಚಿದ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ, ನೀವು ಆಡದ ಮಾತನ್ನು ನಿಮ್ಮದೇ ಮುಖ ಮತ್ತು ದನಿಯಲ್ಲಿ ಯಂತ್ರದಿಂದ ಆಡಿಸಿದ ಡೀಪ್‌ಫೇಕ್. ಇಲ್ಲಿ ಕ್ರಮ ಮುಖ್ಯ. ಮೊದಲು ಸಾಕ್ಷ್ಯ ಹಿಡಿಯಿರಿ: ಪೂರ್ತಿ ಪರದೆಯ ಚಿತ್ರ, ಪೋಸ್ಟಿನ ಕೊಂಡಿ, ಹಾಕಿದ ಖಾತೆಯ ಹೆಸರು, ದಿನ, ಸಮಯ. ಸಾಕ್ಷ್ಯ ಹಿಡಿದ ಮೊಬೈಲನ್ನು ಬದಲಿಸಬೇಡಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆಮೇಲೆ ವೇದಿಕೆಗೆ ದೂರು. ನಗ್ನವಾಗಿ ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತೆಯೇ ದೂರು ಕೊಟ್ಟರೆ ಕಂಪನಿಗಳು ಗಂಟೆಗಳ ಲೆಕ್ಕದಲ್ಲಿ ಅದನ್ನು ತೆಗೆಯಬೇಕೆಂದು ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಅದೇ ದಿನ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಠಾಣೆಗೆ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮು, ಅಶ್ಲೀಲ ಚಿತ್ರ ಹರಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ, ಇನ್ನೊಬ್ಬರಂತೆ ನಟಿಸಿ ವಂಚಿಸಿದ್ದಕ್ಕೆ 66ಡಿ ಅನ್ವಯಿಸಬಹುದು. ದೂರಿನ ಒಂದು ಪ್ರತಿ ಚುನಾವಣಾಧಿಕಾರಿಗೂ ಹೋಗಲಿ: ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಹೇಳಿಕೆ ಪ್ರಕಟಿಸುವುದು ಚುನಾವಣಾ ಕಾನೂನಿನಲ್ಲಿಯೂ ತಪ್ಪು.

ಇಲ್ಲಿ ನಡೆಯುವ ಅತಿ ದೊಡ್ಡ ತಪ್ಪು ಅಭಿಮಾನಿಗಳದ್ದು. ‘ನೋಡಿ, ನಮ್ಮ ಅಕ್ಕನ ಬಗ್ಗೆ ಎಂಥ ಸುಳ್ಳು ಹಬ್ಬಿಸಿದ್ದಾರೆ’ ಎಂದು ಆ ಚಿತ್ರವನ್ನೇ ಹತ್ತು ಗುಂಪಿಗೆ ಹಾಕುತ್ತಾರೆ. ಎದುರಾಳಿ ಒಂದು ಹಳ್ಳಿಗೆ ಮುಟ್ಟಿಸಿದ್ದನ್ನು ಇವರು ಇಡೀ ತಾಲ್ಲೂಕಿಗೆ ಮುಟ್ಟಿಸುತ್ತಾರೆ. ನಿಜ ಹೇಳುವ ನಿಮ್ಮ ವಿಡಿಯೊವನ್ನಷ್ಟೇ ಹಂಚಲು ಹೇಳಿ, ಸುಳ್ಳಿನ ಚಿತ್ರವನ್ನು ಮಸುಕು ಮಾಡಿಯೂ ತೋರಿಸಬೇಡಿ.

ನಿಮ್ಮ ಕಡೆಯವರಿಗೂ ಕೃತಕ ಬುದ್ಧಿಮತ್ತೆಯ ಆಟಿಕೆ ಸಿಕ್ಕಿರುತ್ತದೆ. ಅಗಲಿದ ನಾಯಕರಿಂದ ನಿಮಗೆ ಆಶೀರ್ವಾದ ಮಾಡಿಸಿದ ವಿಡಿಯೊ ತಂದು ತೋರಿಸುತ್ತಾರೆ. ಆಯೋಗದ 2025ರ ಅಕ್ಟೋಬರ್‌ನ ಸೂಚನೆಯಂತೆ, ಯಂತ್ರದಿಂದ ಮಾಡಿದ ಅಥವಾ ಬದಲಿಸಿದ ಪ್ರಚಾರ ಚಿತ್ರದ ಕಾಣುವ ಭಾಗದಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಅದನ್ನು ತಿಳಿಸುವ ಪಟ್ಟಿ ಆವರಿಸಿರಬೇಕು, ಧ್ವನಿಯಾದರೆ ಮೊದಲ ಶೇಕಡ 10ರಷ್ಟು ಅವಧಿಯಲ್ಲಿ ಅದನ್ನು ಹೇಳಬೇಕು. ಪಟ್ಟಿ ಹಾಕಿದರೂ, ಬೇರೆಯವರ ಮುಖ ಮತ್ತು ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿ ಜನರನ್ನು ದಾರಿತಪ್ಪಿಸುವಂತಿಲ್ಲ. ಎದುರಾಳಿಯೂ ಹೆಣ್ಣಾಗಿದ್ದರೆ, ಅವರ ಉಡುಪು, ಮದುವೆ, ವಯಸ್ಸಿನ ಬಗ್ಗೆ ನಿಮ್ಮ ಪುಟದಲ್ಲಿ ಬಂದ ಕಮೆಂಟುಗಳನ್ನೂ ನೀವೇ ಅಳಿಸಿ.

ಹಂತ 7: ಕೊನೆಯ 48 ಗಂಟೆ

ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು. ಈ ಮೌನ ಅವಧಿಗೆ ಮುಂಚಿನ ದಿನವೇ ಮೂರು ಕೆಲಸ ಮುಗಿಸಿ: ಹಣದ ಜಾಹೀರಾತುಗಳನ್ನೆಲ್ಲ ನಿಲ್ಲಿಸಿ, ಮುಂದಿನ ದಿನಕ್ಕೆಂದು ಸಮಯ ನಿಗದಿ ಮಾಡಿಟ್ಟ ಪೋಸ್ಟುಗಳನ್ನು ಅಳಿಸಿ, ಸಾಮೂಹಿಕ ಎಸ್ಎಂಎಸ್ ಗುತ್ತಿಗೆ ಪಡೆದವರಿಗೆ ಲಿಖಿತವಾಗಿ ನಿಲ್ಲಿಸಲು ಹೇಳಿ. ತಾನಾಗಿ ಹೋದ ಪೋಸ್ಟಿಗೂ ನೀವೇ ಹೊಣೆ. ಮತದಾನದ ದಿನ ಶಾಯಿಯ ಬೆರಳು ತೋರಿಸುವ ಚಿತ್ರ ಬೇಕೆಂದರೆ ಮತಗಟ್ಟೆಯಿಂದ ದೂರ ಬಂದು ತೆಗೆಸಿಕೊಳ್ಳಿ, ಮೈಮೇಲೆ ಪಕ್ಷದ ಚಿಹ್ನೆ ಇರದಿರಲಿ. ಯಾರಿಗೆ ಹಾಕಿದಿರೆಂದು ತೋರಿಸುವ ಚಿತ್ರವಂತೂ ಅಪರಾಧವೇ.

ಹಂತ 8: ಎಣಿಕೆಯ ನಂತರ

ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಸೋತವರಿಗೂ ಇದು ಕಡ್ಡಾಯ. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಮೂರು ವರ್ಷ ಸ್ಪರ್ಧಿಸದಂತೆ ಆಯೋಗ ಅನರ್ಹಗೊಳಿಸಬಹುದು. ಜಾಹೀರಾತು ಕಂಪನಿಯ ರಸೀದಿಗಳು ಖಾತೆಯ ಒಳಗೇ ಇರುವುದರಿಂದ, ಪುಟ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕೆಲಸಕ್ಕೆ ಹೋಗುವ ಮೊದಲೇ ಅವನ್ನು ಇಳಿಸಿ ಮುದ್ರಿಸಿಟ್ಟುಕೊಳ್ಳಿ. ಚುನಾವಣಾ ತಕರಾರು ಅರ್ಜಿಯನ್ನು ಹೈಕೋರ್ಟಿಗೆ ಸಲ್ಲಿಸಲು 45 ದಿನಗಳ ಅವಕಾಶವಿರುತ್ತದೆ, ಆದ್ದರಿಂದ ಅಲ್ಲಿಯವರೆಗಾದರೂ ಪುಟದ ಯಾವ ಪೋಸ್ಟನ್ನೂ ಅಳಿಸಬೇಡಿ, ನಿಮ್ಮ ವಿರುದ್ಧ ಬಂದವುಗಳ ಸಾಕ್ಷ್ಯವನ್ನೂ ಕಾಪಾಡಿಕೊಳ್ಳಿ.

ಆಮೇಲೆ ಸಹಾಯಕರಿಗೆ ಕೊಟ್ಟಿದ್ದ ಅಧಿಕಾರಗಳನ್ನು ಒಂದೊಂದಾಗಿ ಹಿಂತೆಗೆದುಕೊಂಡು ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಿ. ಪ್ರಚಾರದ ಸಿಮ್ಮನ್ನು ಮಾತ್ರ ಚಾಲ್ತಿಯಲ್ಲಿಡಿ. ಗೆದ್ದರೂ ಸೋತರೂ, ಸಂಖ್ಯೆ ಉಳಿಸಿಕೊಂಡ ಹೆಂಗಸರು ಪಡಿತರ ಚೀಟಿಗೋ ಪಿಂಚಣಿಗೋ ಕರೆ ಮಾಡುವುದು ಅದಕ್ಕೇ.